ತಿಂಗಳಿಗೊಂದು ದೋಸೆ

ಬದುಕಿರುವವರೆಗೆ ಒಂದೇ ಹೋಟೆಲಿನ ಒಂದೇ ತಿಂಡಿಯನ್ನು ತಿನ್ನಬೇಕೆಂಬ ಕಟ್ಟಳೆಯಾದರೆ ನೀವು ಯಾವುದನ್ನು ಆರಿಸುತ್ತೀರಿ? ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು, ಕಾಲು ಚಾಚಿ ಕುಳಿತು ಆಡಬಹುದಾದ ಸೊಗಸಾದ ಹರಟೆಯ ವಿಷಯ ಇದು. ಹೊಟ್ಟೆ ತುಂಬಿದವನಿಗೆ ತ್ಯಾಗ ಸುಲಭವಷ್ಟೆ! ಒಬ್ಬನು ಇಡ್ಲಿ ಎನ್ನುತ್ತಾನೆ. ಇನ್ನೊಬ್ಬನು ಪೂರಿ ಎನ್ನುತ್ತಾನೆ. ಮೂರನೆಯವನು ಖಾರಾಭಾತೆಂದು ಹೇಳಿ, ಮರುಕ್ಷಣವೇ ಕೇಸರಿಭಾತಿನ ನೆನಪಾಗಿ ಮಾತನ್ನು ಹಿಂತೆಗೆದುಕೊಳ್ಳುತ್ತಾನೆ. ಯಾರ ಉತ್ತರಕ್ಕೂ ಯಾರೂ ಜಾಮೀನು ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ತಮತಮಗೆ ಬೇಕಾದ್ದನ್ನು ತಿನ್ನುತ್ತಾರೆ.

ನನ್ನ ಮಟ್ಟಿಗೆ ಮಾತ್ರ ಈ ಪ್ರಶ್ನೆ ಹರಟೆಯಾಗಿ ಉಳಿಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ನನ್ನ ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಪರಸ್ಪರ ಸ್ಪರ್ಧೆಗಿಳಿದಂತೆ ಏರತೊಡಗಿದವು. ನಮ್ಮ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೃದು, ತೀರ್ಪಿನಲ್ಲಿ ಮಾತ್ರ ಕಠಿಣ. "ಹೋಟೆಲ್ ದೋಸೆ ಪೂರ್ತಿ ಬಿಡಿ ಅಂತ ನಾನು ಹೇಳೋದಿಲ್ಲ ಸಾರ್. ಹೇಳಿದರೂ ನೀವು ಕೇಳೋದಿಲ್ಲ. ತಿಂಗಳಿಗೆ ಒಂದು. ಒಂದು ಅಂದರೆ ಒಂದೇ" ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ವರ್ಷಕ್ಕೆ 12. ದೇವರು ಉದಾರನಾಗಿ ಇನ್ನು ಹತ್ತು ವರ್ಷ ಕೊಟ್ಟನೆನ್ನಿ, ಒಟ್ಟು 120. ಕಾಲೇಜಿನ ದಿನಗಳಲ್ಲಿ ಒಂದು ವರ್ಷದೊಳಗೆ ಯೋಚನೆಯಿಲ್ಲದೆ ತಿಂದು ಮುಗಿಸುತ್ತಿದ್ದ ಸಂಖ್ಯೆ ಇದು! ಎಣಿಸಿ ಕೊಟ್ಟ ಕಾಸನ್ನು ಕಂಡ ಕಂಡ ಅಂಗಡಿಯಲ್ಲಿ ಖರ್ಚು ಮಾಡುವುದಕ್ಕಾಗುತ್ತದೆಯೆ? ಒಂದು ಹೋಟೆಲನ್ನು ಆರಿಸಿ, ಅದಕ್ಕೇ ನಿಷ್ಠನಾಗಿರುವುದೆಂದು ನಿಶ್ಚಯಿಸಿದೆ.

ಮಸಾಲೆ ದೋಸೆಯೇ ಏಕೆ ಎಂದು ಕೇಳುವವರು ಬೆಂಗಳೂರಿಗೆ ಹೊಸಬರಿರಬೇಕು. ಆದರೂ ನನ್ನ ಮನೆಯಲ್ಲೇ ಒಬ್ಬ ಹಾಗೆ ಕೇಳಿದ. ಹನ್ನೊಂದು ವರ್ಷದ ನನ್ನ ಮೊಮ್ಮಗ, "ನಾನಾಗಿದ್ದರೆ ಬರ್ಗರ್ ಅಂತಿದ್ದೆ ತಾತ" ಎಂದ. ಅವನ ಆಯ್ಕೆಯನ್ನು ತಳ್ಳಿಹಾಕುವ ಮುನ್ನ ಅದರ ಪೂರ್ವೋತ್ತರಗಳನ್ನು ವಿಚಾರಿಸುವುದು ನ್ಯಾಯವೆನಿಸಿತು. 1948ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ಮ್ಯಾಕ್‌ಡೊನಾಲ್ಡ್ ಸೋದರರಿಬ್ಬರು ನಡೆಯುತ್ತಿದ್ದ ತಮ್ಮ ಹೋಟೆಲನ್ನು ಕೆಲಕಾಲ ಮುಚ್ಚಿ, ತಿಂಡಿಗಳ ಪಟ್ಟಿಯನ್ನು ಬೆರಳೆಣಿಕೆಗೆ ಇಳಿಸಿ, ಕಾರ್ಖಾನೆಯ ಶಿಸ್ತಿನಲ್ಲಿ ಅಡಿಗೆಮನೆಯನ್ನು ಜೋಡಿಸಿ ಮತ್ತೆ ತೆರೆದರು. ಬರ್ಗರಿಗೆ 15 ಸೆಂಟು. ಇಂದು ತಿಂದ ರುಚಿಯೇ ನಾಳೆ, ಈ ಊರಿನ ರುಚಿಯೇ ಆ ಊರಿನಲ್ಲಿ. ಇದೇ ಅದರ ಮಹಿಮೆ. ಈ ಏಕರೂಪ ಎಷ್ಟು ಪ್ರಸಿದ್ಧವಾಯಿತೆಂದರೆ, 1986ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆಯವರು ದೇಶದೇಶಗಳ ನಾಣ್ಯದ ಬೆಲೆಯನ್ನು ತೂಗಲು ಬಿಗ್ ಮ್ಯಾಕ್ ಎಂಬ ಬರ್ಗರನ್ನೇ ತೂಕದ ಕಲ್ಲಾಗಿ ಮಾಡಿಕೊಂಡರು. 1996ರಲ್ಲಿ ಆ ಕಂಪೆನಿ ದೆಹಲಿಗೆ ಬಂದಾಗ ನಮ್ಮವರ ಆಚಾರಕ್ಕೆ ತಕ್ಕಂತೆ ದನದ ಮಾಂಸವನ್ನು ಬಿಟ್ಟಿತು. ನನ್ನ ಮೊಮ್ಮಗ ಮೆಚ್ಚುವ ಬರ್ಗರಿನೊಳಗೆ ಇರುವುದು ಆಲೂಗಡ್ಡೆ. ಅಂದರೆ ತಾತನಿಗೂ ಮೊಮ್ಮಗನಿಗೂ ಹೊದಿಕೆಯಲ್ಲಿ ಮಾತ್ರ ಭಿನ್ನಾಭಿಪ್ರಾಯ!

ಹಾಗೆ ನೋಡಿದರೆ ಹೊದಿಕೆಯೇ ನಮ್ಮದು, ಒಳಗಿನದು ಪರದೇಶದ್ದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಧೋಸಕವೆಂಬ ತಿಂಡಿಯ ಹೆಸರಿದೆ. ಅದು ಬೇಳೆಯ ಹಿಟ್ಟಿನದು. ಆಲೂಗಡ್ಡೆಯಾದರೋ ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಪಾಪ, ಸೋಮೇಶ್ವರ ಚಕ್ರವರ್ತಿಗೆ ಸಕಲ ಭೋಗಗಳಿದ್ದೂ ಮಸಾಲೆ ದೋಸೆಯ ಯೋಗವಿರಲಿಲ್ಲ. ಇನ್ನು ಕಾವಲಿಯ ಮೇಲೆ ದೋಸೆಗೆ ಬರುವ ಆ ಕೆಂಬಣ್ಣವನ್ನೂ ಘಮಲನ್ನೂ ವಿವರಿಸುವ ರಸಾಯನ ಕ್ರಿಯೆಯನ್ನು 1912ರಲ್ಲಿ ಹೇಳಿದವನು ಮೈಲಾರ್ ಎಂಬ ಫ್ರೆಂಚ್ ವಿಜ್ಞಾನಿ. ಬರ್ಗರಿನ ರೊಟ್ಟಿ ಕೆಂಪಾಗುವುದೂ ಅದೇ ಕ್ರಿಯೆಯಿಂದ. ಆದ್ದರಿಂದ ಮೊಮ್ಮಗನೊಡನೆ ಜಗಳಕ್ಕೆ ಕಾರಣವೇ ಉಳಿಯಲಿಲ್ಲ.

ಉಳಿದದ್ದು ಹೋಟೆಲಿನ ಆಯ್ಕೆ. ಮೊದಲು ಮನಸ್ಸಿಗೆ ಬಂದದ್ದು ಮೈಸೂರಿನ ನಜರಬಾದಿನ ಮೈಲಾರಿ. ಹತ್ತಿಯಂತೆ ಮೆತ್ತಗಿನ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ. ಬಾಯಲ್ಲಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ನನ್ನ ವಯಸ್ಸಿಗೆ ಅದೊಂದು ದೊಡ್ಡ ಅರ್ಹತೆ. ಆದರೆ ತಿಂಗಳಿಗೊಮ್ಮೆ ದೋಸೆಗಾಗಿ ರೈಲು ಹತ್ತುವವನನ್ನು ಜನ ರಸಿಕನೆನ್ನುವುದಿಲ್ಲ, ಬೇರೇನೋ ಅನ್ನುತ್ತಾರೆ. ದಾವಣಗೆರೆಯ ಬೆಣ್ಣೆ ದೋಸೆ ಇನ್ನೂ ದೂರ. ಬೆಂಗಳೂರಿನಲ್ಲೂ ಅದರ ಹೆಸರಿನ ಅಂಗಡಿಗಳಿವೆ, ನಿಜ. ಆದರೆ ಅಲ್ಲಿ ಬೆಣ್ಣೆಯನ್ನು ಸುರಿಯುವ ಔದಾರ್ಯವನ್ನು ಕಂಡರೆ ನಮ್ಮ ಡಾಕ್ಟರ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಮಲ್ಲೇಶ್ವರದ ಸಿ.ಟಿ.ಆರ್. ದೋಸೆಯ ಗರಿಗರಿಗೆ ನಾನು ಮಾರುಹೋದವನೇ. ಅಲ್ಲಿಗೆ ನಮ್ಮ ಮನೆಯಿಂದ ಎರಡು ಬಸ್ಸು.

ಕಡೆಗೆ ಎರಡು ಉಳಿದವು. ಒಂದು, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಲ್ಲಿ ಮಯ್ಯ ಸೋದರರು ಬ್ರಾಹ್ಮಣರ ಕಾಫಿ ಕ್ಲಬ್ಬೆಂದು ಆರಂಭಿಸಿದ್ದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿಯನ್ನು ಕಂಡುಹಿಡಿದ ಮನೆತನ ಅದು. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆ ಇಳಿಸಬೇಕೆಂದು ಸರ್ಕಾರದ ಆಜ್ಞೆಯಾದಾಗ, ಬೆಲೆ ಇಳಿಸಿಯೂ ಗುಣ ಇಳಿಸದೆ ನಷ್ಟದಲ್ಲಿ ನಡೆಸಿ, ಕೊನೆಗೆ ಬಾಗಿಲೆಳೆದುಕೊಂಡರು; ತರುವಾಯವೇ ಮತ್ತೆ ತೆರೆದದ್ದು. ಪುಟ್ಟ ಬಟ್ಟಲಿನಲ್ಲಿ ತುಪ್ಪವಿಟ್ಟು ಕೊಡುವ ಆ ದೋಸೆಗೆ ಇಂಥ ಅಭಿಮಾನದ ರುಚಿಯೂ ಸೇರಿದೆ.

ಇನ್ನೊಂದು, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ, ಸುತ್ತಲಿನ ವಿದ್ಯಾರ್ಥಿಗಳ ಹಸಿವನ್ನು ನಂಬಿ ತೆರೆದ ಹೋಟೆಲು. ಹೊರಗೆ ಹೆಸರು ಬರೆಸಿ ಕಾಯಬೇಕು. ಒಳಗೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು ಗೋಡೆಯಿಂದ ನಮ್ಮ ತಟ್ಟೆಯನ್ನು ನೋಡುತ್ತಿರುತ್ತವೆ. ಪಂಚೆಯುಟ್ಟ ಮಾಣಿ ತೋಳಿನುದ್ದಕ್ಕೂ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವುದನ್ನು ಕಂಡರೆ ಎದ್ದು ದಾರಿ ಬಿಡಬೇಕೆನಿಸುತ್ತದೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಜೊತೆಗೆ ತೆಳ್ಳನೆಯ ಚಟ್ನಿ.

ಈ ಎರಡರ ನಡುವೆ ಒಂದು ವಾರ ತೂಗಾಡಿದೆ. ಆಗ ನಮ್ಮವಳು ಹೇಳಿದಳು: "ಅಲ್ಲಾ ರೀ, ಯಾವುದು ಚೆನ್ನಾಗಿದೆ ಅಂತ ಯಾಕೆ ಯೋಚನೆ ಮಾಡ್ತೀರಿ? ಎರಡೂ ಚೆನ್ನಾಗಿದೆ. ಯಾವುದಕ್ಕೆ ಹೋಗದೆ ಇದ್ದರೆ ನಿಮಗೆ ಬೇಜಾರಾಗುತ್ತೆ ಅಂತ ನೋಡಿ."

ಗ್ರಂಥಗಳನ್ನು ಓದಿದ ನನಗಿಂತ ಅವಳ ತರ್ಕ ಸೂಕ್ಷ್ಮ. ಒಂದು ದಿನಕ್ಕೆ ಉತ್ತಮವಾದದ್ದು ಬೇರೆ, ಬದುಕಿನುದ್ದಕ್ಕೂ ಜೊತೆಯಾಗಿರತಕ್ಕದ್ದು ಬೇರೆ. ಕಛೇರಿಗೆ ಕರೆಸುವ ವಿದ್ವಾಂಸರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆಯೆ? ಎಂ.ಟಿ.ಆರ್.ಗೆ ಹೋಗುವಾಗ ನಾನು ಇಸ್ತ್ರಿಯ ಅಂಗಿ ಹುಡುಕುತ್ತೇನೆ. ಗಾಂಧಿ ಬಜಾರಿಗಾದರೆ ತರಕಾರಿ ಚೀಲ ಹಿಡಿದು ಹೊರಡುತ್ತೇನೆ. ದಾರಿಯಲ್ಲಿ ಹೂವು, ಹಣ್ಣು, ನಾಲ್ಕು ಪರಿಚಯದ ಮುಖ. ದೋಸೆ ಸಿಗದಿದ್ದರೂ ಹೋದದ್ದು ವ್ಯರ್ಥವಲ್ಲ. ಅಲ್ಲದೆ ಆ ಹೋಟೆಲಿಗೆ ಶುಕ್ರವಾರ ರಜೆ. ಯಾವ ಹೊತ್ತಿಗೆ ಕರೆದರೂ ಮನೆಬಾಗಿಲಿಗೆ ತಿಂಡಿ ಬರುವ ಈ ಕಾಲದಲ್ಲಿ, ವಾರಕ್ಕೊಮ್ಮೆ "ಇಲ್ಲ" ಎನ್ನುವ ಹೋಟೆಲನ್ನು ನಾನು ಗೌರವಿಸುತ್ತೇನೆ. ನನ್ನ ನಾಲಗೆಗೆ ಆ ಮಾತನ್ನು ಕಲಿಸಬೇಕಾಗಿರುವುದೂ ಈಗಲೇ ತಾನೆ?

ಆಯ್ಕೆ ಮುಗಿಯಿತು. ಆದರೆ ಲೆಕ್ಕ ಬಾಕಿ ಇತ್ತು. ಅದನ್ನೂ ತಿದ್ದಿದವಳು ಅವಳೇ. "ಒಂದು ತರಿಸಿ ಬೈಟು ಮಾಡೋಣ. ಆಗ ತಿಂಗಳಿಗೆ ಎರಡು ಸಲ ಹೋಗಬಹುದು" ಎಂದಳು. ಬೆಂಗಳೂರಿನವರು ಕಾಫಿಗೆಂದು ಕಂಡುಕೊಂಡ ಉಪಾಯ ದೋಸೆಗೂ ಸಲ್ಲುತ್ತದೆಂದು ನನಗೆ ಹೊಳೆದಿರಲಿಲ್ಲ. ನಮ್ಮ ಡಾಕ್ಟರಿಗೆ ಒಪ್ಪಿಸಿದೆ. ಅವರು ಮನಸ್ಸಿನಲ್ಲೇ ಕೂಡಿ ಕಳೆದು, ನಕ್ಕು, "ಆಗಲಿ ಸಾರ್, ಅರ್ಧಕ್ಕೆ ಅರ್ಧ ಇರಲಿ" ಎಂದರು.

ಅವಳಿಗೆ ಯಾವ ಪಥ್ಯವೂ ಇಲ್ಲ. ಇಡೀ ದೋಸೆಯನ್ನು ನನ್ನೆದುರಿಗೇ ತಿನ್ನಬಹುದು. ತಿಂದರೆ ತಪ್ಪೆನ್ನುವವರೂ ಇಲ್ಲ. ಆದರೂ ಅರ್ಧಕ್ಕೇ ಕೈ ತೊಳೆಯುತ್ತಾಳೆ. ದೋಸೆಯನ್ನು ಮುರಿಯುವ ಅಧಿಕಾರ ಅವಳದು. ಪಲ್ಯ ಅಡಗಿರುವ ನಡುಭಾಗ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಮೊದಮೊದಲು ಇದನ್ನು ಆಕಸ್ಮಿಕವೆಂದುಕೊಂಡೆ. ನಾಲ್ಕೈದು ಸಲವಾದ ಮೇಲೆ ಆಕಸ್ಮಿಕವಲ್ಲವೆಂದು ತಿಳಿಯಿತು, ತಿಳಿಯಿತೆಂದು ಹೇಳಲಿಲ್ಲ.

ಈಗ ಏಳು ತಿಂಗಳಾಯಿತು. ಹದಿನಾಲ್ಕು ಅರ್ಧಗಳು ಸಂದಿವೆ. ಒಂದೇ ಹೋಟೆಲು, ಒಂದೇ ತಿಂಡಿ; ಆದರೂ ಒಂದು ಸಲ ತಿಂದದ್ದು ಇನ್ನೊಂದು ಸಲ ಬಂದಿಲ್ಲ. ಚಳಿಯ ದಿನಗಳಲ್ಲಿ ಹಿಟ್ಟು ನಿಧಾನವಾಗಿ ಹುಳಿಯೇರುತ್ತದೆ, ಬೇಸಗೆಯಲ್ಲಿ ಅವಸರ ಮಾಡುತ್ತದೆ. ಕಾವಲಿಯ ಒಂದು ಮಗ್ಗುಲಲ್ಲಿ ಬೆಂದದ್ದಕ್ಕೆ ಬಣ್ಣ ಹೆಚ್ಚು. ಒಂದು ದಿನ ಚಟ್ನಿಗೆ ಖಾರ ಮುಂದು, ಒಂದು ದಿನ ತೆಂಗು ಮುಂದು. ಬರ್ಗರಿನವರು ಕಷ್ಟಪಟ್ಟು ನಿವಾರಿಸಿದ ಈ ವ್ಯತ್ಯಾಸವೇ ನನಗೆ ಒದಗಿದ ಭಾಗ್ಯ. ಎಲ್ಲ ದೋಸೆಯೂ ಒಂದೇ ಆಗಿದ್ದರೆ ನೂರಿಪ್ಪತ್ತೆಂಬುದು ಬಹಳ ದೊಡ್ಡ ಸಂಖ್ಯೆಯಾಗುತ್ತಿತ್ತು. ಈಗ ಅದು ಚಿಕ್ಕದಾಗಿ ಕಾಣುತ್ತಿದೆ.