ಘಟ್ಟವಿಳಿದು ಬಂದ ಮಿತ್ರ

ಪರವೂರಿನಲ್ಲಿ ನೆಲೆಸಿದವನಿಗೆ ತಾನಿರುವ ಊರು ಸರಿಯಾಗಿ ಕಣ್ಣಿಗೆ ಬೀಳುವುದು ಹುಟ್ಟೂರಿನ ಮಿತ್ರನೊಬ್ಬನು ಬಂದು ಬಾಗಿಲು ತಟ್ಟಿದಾಗಲೇ. ವರ್ಷಗಟ್ಟಲೆ ಕಚೇರಿಗೂ ಮಾರುಕಟ್ಟೆಗೂ ತಿರುಗಾಡಿದ ಬೀದಿಗಳಿಗೆ ಅಂದು ಒಮ್ಮೆಲೇ ಇತಿಹಾಸ ಹುಟ್ಟಿಕೊಳ್ಳುತ್ತದೆ. ನಿತ್ಯವೂ ಶಪಿಸುವ ಸೆಕೆಯನ್ನು ಅಂದು ಸಮರ್ಥಿಸಬೇಕಾಗುತ್ತದೆ. ಧಾರವಾಡದಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ವರ್ಗಾವಣೆಯ ಮೇಲೆ ಮಂಗಳೂರಿಗೆ ಬಂದು, ಇಪ್ಪತ್ತೆಂಟು ವರ್ಷ ಅಲ್ಲಿಯೇ ಉಳಿದುಬಿಟ್ಟ ರಾಯರಿಗೆ ಕಳೆದ ಡಿಸೆಂಬರಿನಲ್ಲಿ ಇಂಥದೊಂದು ಪರೀಕ್ಷೆ ಒದಗಿತು. ಬಂದವರು ಬಾಲ್ಯಮಿತ್ರರಾದ ಮಾಸ್ತರರು. ಇಬ್ಬರೂ ಧಾರವಾಡದ ಕಿಟೆಲ್ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಇಬ್ಬರೂ ಈಗ ನಿವೃತ್ತರು.

ಮಾಸ್ತರರು ಬರಿಗೈಯಲ್ಲಿ ಬಂದಿರಲಿಲ್ಲ. ಚೀಲದಲ್ಲಿ ಪೇಢೆಯ ಪೊಟ್ಟಣ, ಜೋಳದ ಹಿಟ್ಟು, ಶೇಂಗಾ ಚಟ್ನಿ ಮತ್ತು ಯಾರೂ ಬೇಡದ ಒಂದು ಉಣ್ಣೆಯ ಸ್ವೆಟರು ಇದ್ದವು. ಅಂಗಿಯ ಕಿಸೆಯಲ್ಲಿ ಮಡಿಚಿದ ಒಂದು ಕಾಗದವಿತ್ತು. ಸಪ್ತಾಪುರದಲ್ಲಿ ಅವರ ಮನೆಗೆ ತಗುಲಿದ ಮನೆಯೊಂದು ಮಾರಾಟಕ್ಕಿತ್ತು. ಅದರ ಅಳತೆ, ಬೆಲೆ, ಮಾಲೀಕರ ದೂರವಾಣಿ ಸಂಖ್ಯೆ ಎಲ್ಲವೂ ಆ ಕಾಗದದಲ್ಲಿ ಬರೆದಿದ್ದವು. ನೌಕರಿ ಮುಗಿದ ಮೇಲೆ ಮಿತ್ರನಿಗೆ ಘಟ್ಟದ ಕೆಳಗೆ ಇನ್ನೇನು ಕೆಲಸ ಎಂಬುದು ಮಾಸ್ತರರ ವಾದ.

ಬೆಳಗಿನ ಆರು ಗಂಟೆಗೆ ಬಿಜೈ ಬಸ್ ನಿಲ್ದಾಣದಲ್ಲಿ ಮಿತ್ರನ ಕೈಚೀಲ ಹಿಡಿಯುತ್ತ ರಾಯರು, ‘‘ಎಂತ, ಬಸ್ಸಿನಲ್ಲಿ ನಿದ್ದೆ ಬಂತಾ?’’ ಎಂದರು.

‘‘ಎಂತ?’’ ಮಾಸ್ತರರು ಅಲ್ಲಿಯೇ ನಿಂತುಬಿಟ್ಟರು. ‘‘ಲೇ, ಇಲ್ಲಿಗೆ ಬಂದು ಮಾತೂ ಕಳಕೊಂಡೇನು?’’

ಇದು ಆ ದಿನದ ಮೊದಲ ಆರೋಪ. ಎರಡನೆಯದು ಉಪಾಹಾರದ ಹೊತ್ತಿಗೆ ಬಂದಿತು. ಹೋಟೆಲಿನ ಮಾಣಿ ‘‘ಬನ್ಸ್ ಉಂಟು’’ ಎಂದಾಗ ಮಾಸ್ತರರು ಬೇಕರಿಯ ಬನ್ನನ್ನು ನಿರೀಕ್ಷಿಸಿದ್ದರು. ಬಂದದ್ದು ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ, ಪೂರಿಯಂತೆ ಉಬ್ಬಿದ, ಸಿಹಿಯಾದ ಒಂದು ಪದಾರ್ಥ, ಅದರ ಜೊತೆಗೆ ಖಾರದ ಚಟ್ನಿ. ‘‘ಹೆಸರೊಂದು, ಒಳಗೊಂದು’’ ಎಂದರು. ಆದರೂ ಎರಡನೆಯ ತಟ್ಟೆ ತರಿಸಿಕೊಂಡರು. ಪತ್ರೊಡೆಯ ಖ್ಯಾತಿಯನ್ನು ಅವರು ಕೇಳಿದ್ದರು. ಅದು ಮಳೆಗಾಲದ ಕೆಸುವಿನೆಲೆಯ ತಿಂಡಿ, ಆಟಿ ತಿಂಗಳಲ್ಲಿ ಬಂದರೆ ಮನೆಯಲ್ಲೇ ಮಾಡಿಸಬಹುದು ಎಂದು ರಾಯರು ಸಮಾಧಾನ ಹೇಳಿದರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಮಳೆಗಾಲದಲ್ಲಿ ಯಾರು ಬರುತ್ತಾರೆ ಎಂದು ಮಾಸ್ತರರು ಮೂಗು ಮುರಿದರು.

ಕದ್ರಿಯಲ್ಲಿ ಮಾತ್ರ ಅವರ ಟೀಕೆ ನಿಂತಿತು. ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಅವರು ಬಹಳ ಹೊತ್ತು ನಿಂತರು. ಮೂರು ಮುಖ, ಆರು ಕೈ. ಪೀಠದ ಮೇಲೆ ಶಾಸನ. ಆಳುಪ ವಂಶದ ಕುಂದವರ್ಮನು ಕ್ರಿ. ಶ. 968ರಲ್ಲಿ ಇದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಅದು ತಿಳಿಸುತ್ತದೆ. ಬೌದ್ಧರ ವಿಹಾರ, ನಾಥಪಂಥದ ಜೋಗಿಗಳ ಮಠ, ಶಿವಾಲಯ ಇವೆಲ್ಲವನ್ನೂ ಒಂದೇ ಗುಡ್ಡ ಹೊತ್ತುಕೊಂಡಿದೆ. ಈ ಊರಿಗೆ ಹೊರಗಿನಿಂದ ಬಂದವರ ಪಟ್ಟಿ ಬ್ಯಾಂಕಿನ ಗುಮಾಸ್ತರಿಂದ ಆರಂಭವಾಗಲಿಲ್ಲ ಎಂಬುದು ಮಾಸ್ತರರಿಗೆ ಇಲ್ಲಿ ಹೊಳೆಯಿತು. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಅಲ್ಲಿಂದ ಬಲ್ಮಠಕ್ಕೆ. ಮಾಸ್ತರರಿಗೆ ಇದು ಒಂದು ಬಗೆಯ ತೀರ್ಥಯಾತ್ರೆಯೇ ಆಗಿತ್ತು. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದು. ತಿಂಗಳಿಗೆ ಎರಡು ಸಂಚಿಕೆ, ಕಲ್ಲಚ್ಚಿನ ಮುದ್ರಣ, ಬೆಲೆ ಒಂದು ದುಡ್ಡು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದು, ಧಾರವಾಡದ ಕಡೆಯೂ ತಿರುಗಾಡಿ, ಕನ್ನಡದ ಸುಮಾರು 70,000 ಶಬ್ದಗಳನ್ನು ಕಲೆಹಾಕಿದನು. ಆ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ. ಯಾವನ ಹೆಸರಿನ ಕಾಲೇಜಿನಲ್ಲಿ ಕುಳಿತು ಇಬ್ಬರೂ ಪದವಿ ಪಡೆದರೋ ಅವನ ಪುಸ್ತಕ ಕಾಗದವಾಗಿ ಹೊರಬಂದ ಸ್ಥಳವನ್ನು ಮಾಸ್ತರರು ನೋಡಿದ್ದು ಅದೇ ಮೊದಲು.

‘‘ನಮ್ಮ ಭಾಷೆ ಕಲಿಯಲು ಜರ್ಮನಿಯಿಂದ ಬಂದವನು ಕನ್ನಡದ ನಿಘಂಟು ಬರೆದ. ನೀನು ಧಾರವಾಡದಿಂದ ಬಂದವನು ಏನು ಕಲಿತಿ?’’

‘‘ತುಳು’’ ಎಂದರು ರಾಯರು.

ಅದರ ಪ್ರಮಾಣವನ್ನು ಮಾಸ್ತರರು ಹಂಪನಕಟ್ಟೆಯಲ್ಲಿ ಕಂಡರು. ಹೂ ಮಾರುವವಳ ಎದುರು ರಾಯರು ನಿಂತು ‘‘ಏತ್ ಅಕ್ಕ?’’ ಎಂದು ಆರಂಭಿಸಿ ಐದು ನಿಮಿಷ ಚೌಕಾಶಿ ನಡೆಸಿದರು. ಇಲ್ಲಿ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಅಳೆಯದೆ ಚೆಂಡು, ಅಟ್ಟೆ ಎಂದು ಎಣಿಸುವರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಪಕ್ಕದ ಬಟ್ಟೆಯಂಗಡಿಯವರೊಡನೆ ಕೊಂಕಣಿ, ಚಹದಂಗಡಿಯ ಸಾಹುಕಾರರೊಡನೆ ಒಡೆದ ಬ್ಯಾರಿ ಭಾಷೆ, ಪೋಲೀಸನೊಡನೆ ಪುಸ್ತಕದ ಕನ್ನಡ. ಧಾರವಾಡದಲ್ಲಿ ಮಾತಿನ ಮಲ್ಲನೆನಿಸಿದ್ದ ಮಾಸ್ತರರು ಅರ್ಧ ಗಂಟೆ ಮೂಕರಾಗಿ ಚೀಲ ಹಿಡಿದುಕೊಂಡು ನಿಂತರು.

ಊಟದ ಕುಚ್ಚಲಕ್ಕಿಯ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಮಾಸ್ತರರು ಅದನ್ನು ಗೌರವಪೂರ್ವಕವಾಗಿ ತಟ್ಟೆಯ ಒಂದು ಬದಿಗೆ ಸರಿಸಿದರು.

ಮಧ್ಯಾಹ್ನ ಬಾವುಟಗುಡ್ಡೆ ಹತ್ತಿ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಹೊಕ್ಕರು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವನ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಮೆಲ್ಲಮೆಲ್ಲನೆ ಗೋಡೆಗಳು ಮಾತನಾಡತೊಡಗುತ್ತವೆ. ಇಟಲಿಯ ಬೆರ್ಗಾಮೊ ಸಮೀಪದ ಸ್ಟೆಜ್ಜಾನೊದವನಾದ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ಯುಯಿಟ್ ಸಹೋದರನು 1899ರಿಂದ ಎರಡು ವರ್ಷಗಳಷ್ಟು ಕಾಲ ಇಲ್ಲಿ ಕುಂಚ ಹಿಡಿದನು. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದನು. ಗಾರೆ ಆರುವುದರೊಳಗೆ ಬಣ್ಣ ಕೂರಬೇಕು, ತಪ್ಪಿದರೆ ಕಿತ್ತು ಮತ್ತೆ ಬಳಿಯಬೇಕು. ಚಾವಣಿಯ ಚಿತ್ರಗಳು ಕ್ಯಾನ್‌ವಾಸಿನ ಮೇಲಿನ ತೈಲವರ್ಣದವು. ಸಂತ ಅಲೋಶಿಯಸ್ಸನ ಜೀವನ ಅಲ್ಲಿ ಹಾಸಿಕೊಂಡಿದೆ. ಬಟ್ಟೆ ಒಗೆದರೆ ಮೂರು ದಿನ ಆರದ ಈ ಊರಿನ ತೇವದಲ್ಲಿ ಅವನು ಹೇಗೆ ದುಡಿದನೋ! ಬಣ್ಣಗಳು ಮಂಕಾದಾಗ 1990ರ ದಶಕದಲ್ಲಿ ತಜ್ಞರು ಬಂದು ಅವನ್ನು ಜೀರ್ಣೋದ್ಧಾರ ಮಾಡಿದರು. ಮಾಸ್ತರರು ಕತ್ತು ನೋಯುವವರೆಗೆ ಮೇಲೆ ನೋಡಿದರು.

‘‘ಆಮೇಲೆ ಊರಿಗೆ ಹೋದನೇನು?’’

‘‘ಇಲ್ಲ. 1905ರಲ್ಲಿ ನಮ್ಮ ದೇಶದಲ್ಲಿಯೇ ತೀರಿಕೊಂಡ.’’

ಮಾಸ್ತರರು ಕಿಸೆಯ ಕಾಗದವನ್ನು ಮುಟ್ಟಿ ನೋಡಿಕೊಂಡರು, ತೆಗೆಯಲಿಲ್ಲ.

ಹಿಂದೆ ಈ ಗುಡ್ಡದ ಮೇಲೆ ನಿಂತರೆ ತೆಂಗಿನ ತೋಪುಗಳ ನಡುವೆ ಕೆಂಪು ಹಂಚಿನ ಮಾಡುಗಳು ಸಮುದ್ರದವರೆಗೆ ಕಾಣುತ್ತಿದ್ದವಂತೆ. ಈಗ ಬಹುಮಹಡಿ ಕಟ್ಟಡಗಳ ಸಂದಿಯಿಂದ ಇಣುಕಿ ಹುಡುಕಬೇಕು. ಜಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಶನ್ನಿನವನು ಇಲ್ಲಿಯ ಜೇಡಿಮಣ್ಣಿನಿಂದ ಹಂಚು ಸುಡಲಾರಂಭಿಸಿದನು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಆ ಹಂಚು ಊರಿನ ಹೆಸರನ್ನು ಕಡಲಾಚೆಗೂ ಹೊತ್ತೊಯ್ದಿತು. ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಕಾಂಕ್ರೀಟಿನ ಮುಂದೆ ಹಂಚು ಸೋತಿತೆಂದು ರಾಯರು ಸ್ವಂತ ನಷ್ಟವೊಂದನ್ನು ಹೇಳಿಕೊಳ್ಳುವಂತೆ ಹೇಳಿದರು.

ಬಂದರಿನಲ್ಲಿ ಮೀನು, ಸೀಮೆಎಣ್ಣೆ, ಒಣಮೆಣಸಿನಕಾಯಿಗಳ ಮಿಶ್ರ ವಾಸನೆಗೆ ಮಾಸ್ತರರು ಕರವಸ್ತ್ರ ಹಿಡಿದರು. ದಕ್ಕೆಯ ಬಳಿ ದೋಣಿಗಳನ್ನು ನೋಡುತ್ತ ರಾಯರು ಒಂದು ಹಳೆಯ ಕಥೆಯನ್ನು ತೆಗೆದರು. ಟ್ಯುನೀಸಿಯದ ಮಹದಿಯಾದವನು ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ. 1132ರ ಹೊತ್ತಿಗೆ ಮಂಗಳೂರಿನಲ್ಲಿ ಮನೆ ಮಾಡಿದ್ದನು. ಆ ವರ್ಷವೇ ಆಶು ಎಂಬ ದಾಸಿಯನ್ನು ಬಂಧಮುಕ್ತಳನ್ನಾಗಿ ಮಾಡಿ ಅವಳೊಡನೆ ಸಂಸಾರ ಹೂಡಿದನು. ಮೆಣಸು, ಅಡಿಕೆ, ಕಂಚಿನ ಪಾತ್ರೆಗಳು ಇಲ್ಲಿಂದ ಏಡನ್ನಿಗೆ. ಅಲ್ಲಿಯ ಮಿತ್ರರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳುಹಿಸುತ್ತಿದ್ದರು. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಇಲ್ಲಿಯ ಆಳಿನ ಹೆಸರು ಬೊಮ್ಮ. ಈ ಪತ್ರಗಳು ಹಳೆಯ ಕೈರೋದ ಒಂದು ಯೆಹೂದಿ ಮಂದಿರದ ಕೋಣೆಯಲ್ಲಿ ಉಳಿದುಕೊಂಡಿದ್ದವು. ಅಮಿತಾವ್ ಘೋಷರು 1992ರಲ್ಲಿ ಅವನ್ನಾಧರಿಸಿ ಪುಸ್ತಕ ಬರೆದರು.

‘‘ಹದಿನೇಳು ವರ್ಷ ಇಲ್ಲಿದ್ದು 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟ’’ ಎಂದರು ರಾಯರು. ‘‘ಆದರೆ ಅವನ ಮಹದಿಯಾ ಹಿಂದಿನ ವರ್ಷವೇ ಸಿಸಿಲಿಯ ನಾರ್ಮನ್ನರ ಕೈಸೇರಿತ್ತು. ಒಡಹುಟ್ಟಿದವರು ದಿಕ್ಕಾಪಾಲಾಗಿದ್ದರು.’’

ಮಾಸ್ತರರಿಗೆ ಸಹನೆ ಮೀರಿತು. ‘‘ಲೇ, ಧಾರವಾಡಕ್ಕ ಯಾವ ನಾರ್ಮನ್ನರೂ ಬಂದಿಲ್ಲ!’’

‘‘ಬಂದಿಲ್ಲ. ಆದರ ನಮ್ಮ ಓಣಿಯೊಳಗ ಈಗ ಯಾರಿದ್ದಾರ ಹೇಳು. ನಮ್ಮ ಕ್ಲಾಸಿನ ಹುಡುಗರೊಳಗ ಯಾರು ಉಳಿದಾರ?’’

ಮಾಸ್ತರರು ಬೆರಳೆಣಿಸತೊಡಗಿದರು. ಒಬ್ಬರು ಪುಣೆಗೆ ಮಗನ ಮನೆಗೆ, ಇಬ್ಬರು ಬೆಂಗಳೂರಿಗೆ, ಮೂವರು ತೀರಿಕೊಂಡಿದ್ದರು. ಏಳನೆಯ ಬೆರಳಿಗೆ ಬಂದು ನಿಲ್ಲಿಸಿದರು.

‘‘ನಾ ಇದ್ದೇನಲ್ಲ’’ ಎಂದರು.

ರಾಯರಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಮಾತಿಲ್ಲದೆ ಸುಲ್ತಾನ್ ಬತ್ತೇರಿಯವರೆಗೆ ಹೋದರು. ಹೊಳೆಗೆ ಬರುವ ಶತ್ರುನೌಕೆಗಳ ಮೇಲೆ ಕಣ್ಣಿಡಲು ಟಿಪ್ಪು ಕಟ್ಟಿಸಿದ ಆ ಕರಿಕಲ್ಲಿನ ಕಾವಲು ಬುರುಜನ್ನು ಹತ್ತಿ ಇಳಿದು, ಕೆಳಗಿನ ಕಡವಿನಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿದರು. ಈಚೆಗೆ ಗುರುಪುರ ಹೊಳೆ, ಆಚೆಗೆ ಕಡಲು, ನಡುವೆ ಮರಳಿನ ಕಿರಿದಾದ ಪಟ್ಟಿ. ದಕ್ಷಿಣಕ್ಕೆ ಅದೇ ಹೊಳೆ ನೇತ್ರಾವತಿಯನ್ನು ಕೂಡಿ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಮಾಸ್ತರರು ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ ನೀರಿನಲ್ಲಿ ನಿಂತರು. ಸೂರ್ಯ ಮುಳುಗಿ ಕತ್ತಲಾದರೂ ಈಚೆಗೆ ಬರಲೊಲ್ಲರು. ಕೊನೆಯ ದೋಣಿ ತಪ್ಪೀತೆಂದು ರಾಯರೇ ಕೂಗಿ ಕರೆಯಬೇಕಾಯಿತು.

ರಾತ್ರಿಯ ಊಟಕ್ಕೆ ಜೋಳದ ರೊಟ್ಟಿಯಾಗಿತ್ತು. ಮಲ್ಲಿಗೆಯ ಚೆಂಡನ್ನು ಮುಡಿದಿದ್ದ ರಾಯರ ಪತ್ನಿ ಹಂಚಿನ ಮುಂದೆ ಕುಳಿತೇ ಮಾಸ್ತರರೊಡನೆ ಮಾತಿಗಿಳಿದರು. ಮಾಸ್ತರರು ಕೊನೆಗೆ ಆ ಕಾಗದವನ್ನು ತೆಗೆದು ಅವರ ಮುಂದಿಟ್ಟರು.

‘‘ವೈನಿ, ನೀವ ಹೇಳ್ರಿ.’’

ಆಕೆ ಕೈ ಒರೆಸಿಕೊಂಡು ಕಾಗದವನ್ನು ಪೂರ್ತಿ ಓದಿದರು. ‘‘ಮೊದಲ ಹತ್ತು ವರ್ಷದೊಳಗ ಇದನ್ನ ತಂದಿದ್ದರ ಅವತ್ತ ರಾತ್ರಿನ ಗಂಟು ಕಟ್ಟತಿದ್ದೆ ನೋಡ್ರಿ’’ ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ಕಾಣಿಸಿಕೊಂಡು ತುಳುವಿನಲ್ಲಿ ಏನನ್ನೋ ಕೇಳಿದಳು. ಆಕೆ ತುಳುವಿನಲ್ಲಿಯೇ ಉತ್ತರಿಸುತ್ತ ಎದ್ದು, ಎರಡು ರೊಟ್ಟಿಗಳನ್ನು ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟು ಬಂದರು. ಕಾಗದ ಮಣೆಯ ಮೇಲೆಯೇ ಉಳಿಯಿತು.

ಬಿಜೈ ನಿಲ್ದಾಣದಲ್ಲಿ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಸಪ್ತಾಪುರದ ಮನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಾಸ್ತರರು ಕಿಟಕಿಯಿಂದ ತಲೆ ಹೊರಹಾಕಿ, ಆಟಿ ತಿಂಗಳು ಯಾವಾಗ ಬರುತ್ತದೆಂದು ಕೇಳಿದರು.

‘‘ಜುಲೈ, ಆಗಸ್ಟಿನಲ್ಲಿ. ಎಂತಕ್ಕೆ?’’

‘‘ಪತ್ರೊಡಿ ಮಾಡಿಸಿಡು’’ ಎಂದು ಮಾಸ್ತರರು ಸ್ವೆಟರನ್ನು ಮಡಿಚಿ ತಲೆಯ ಕೆಳಗಿಟ್ಟುಕೊಂಡರು.