ಬಂಗುಡೆ, ಕಳ್ಳು ಮತ್ತು ಅಪ್ಪನ ಟವೆಲ್ಲು

ಮೊನ್ನೆ ಉಡುಪಿ ಕಡೆ ಹೋಗಿದ್ದೆ. ಗೆಳೆಯನೊಬ್ಬ ಕೆಮ್ಮಣ್ಣಿನ ತೂಗುಸೇತುವೆ ದಾಟಿಸಿ ತಿಮ್ಮಣ್ಣಕುದ್ರು ತೋರಿಸಿದ. ಕುದ್ರು ಅಂದರೆ ತುಳುವಿನಲ್ಲಿ ನದಿ ನಡುವಿನ ದ್ವೀಪ. ಸುತ್ತ ಸ್ವರ್ಣಾ ನದಿ, ಎಲ್ಲಿ ನೋಡಿದರೂ ತೆಂಗು, ಸಮುದ್ರವೂ ಹತ್ತಿರವೇ.

ವಾಪಸ್ ಬರುವಾಗ ಊಟಕ್ಕೆ ಅಂತ ಒಂದು ಹಳೇ ಗಡಂಗಿಗೆ ಕರೆದುಕೊಂಡು ಹೋದ. ಗಡಂಗು ಅಂದರೆ ಕಳ್ಳಿನಂಗಡಿ. ಬಂಗುಡೆ ಫ್ರೈ, ಮರುವಾಯಿ ಸುಕ್ಕ... ಚೇಳೂರಿನಲ್ಲಿ ಕೆರೆಮೀನಿನ ಸಾರು, ಮುದ್ದೆ ತಿಂದು ಬೆಳೆದ ನನಗೆ ಸ್ವರ್ಗವೇ ಸಿಕ್ಕ ಹಾಗಾಯ್ತು!

ಆಮೇಲೆ ಕಳ್ಳು ಬಂತು. ಲೋಟ ಮೂಗಿನ ಹತ್ತಿರ ತಂದೆ, ಅಷ್ಟೇ. ಥೇಟ್ ಅಪ್ಪನ ಟವೆಲ್ಲಿನ ವಾಸನೆ.

ನಮ್ಮ ಕಡೆಯದು ಈಚಲ ಹೆಂಡ. ಹಲಸಿನಹಣ್ಣು ಮಾರಲು ಸಂತೆಗೆ ಹೋದ ಅಪ್ಪ ಹೆಂಡದಂಗಡಿ ಹೊಕ್ಕರೆ ಮನೆಗೆ ಬರುತ್ತಿದ್ದದ್ದು ಆ ವಾಸನೆ ಮಾತ್ರ, ದುಡ್ಡಲ್ಲ. 2004ರಲ್ಲಿ ಸರ್ಕಾರ ಹೆಂಡ ನಿಲ್ಲಿಸಿತು. ದಕ್ಷಿಣ ಕನ್ನಡ, ಉಡುಪಿ ಕಡೆ ಮಾತ್ರ ಬಿಟ್ಟಿತು. ಅವತ್ತು ಅಮ್ಮ ಪಾಯಸ ಮಾಡಿದ್ದಳು. ಅಪ್ಪ ಪಾಯಸ ತಿಂದ, ಮಾತಾಡಲಿಲ್ಲ. ಮಾರನೇ ವಾರದಿಂದ ಪ್ಯಾಕೆಟ್ ಸಾರಾಯಿ ಶುರುವಾಯ್ತು. 2007ರ ಜುಲೈನಲ್ಲಿ ಸಾರಾಯಿಯೂ ನಿಂತಿತು. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ.

ಪಕ್ಕದ ಬೆಂಚಿನ ಅಜ್ಜ ಒಂದೇ ಲೋಟ ಮುಗಿಸಿ, ಬಾಯಿ ಒರೆಸಿಕೊಂಡು, ಮನೆಗೆ ಎರಡು ಬಂಗುಡೆ ಕಟ್ಟಿಸಿಕೊಂಡು ಹೊರಟ. ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ಕೂತಿದ್ದೆ. ಹೆಂಡವೇ ಇದ್ದಿದ್ದರೆ ಅಪ್ಪ ಇನ್ನೂ ನಾಲ್ಕು ವರ್ಷ ಇರುತ್ತಿದ್ದನೇನೋ ಅಂತ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅಮ್ಮನ ಮುಖ ನೆನಪಾಗಿ ನಾಚಿಕೆಯೂ ಆಯ್ತು.

ಲೋಟ ಹಾಗೇ ಇಟ್ಟೆ. ಬಂಗುಡೆ ಮಾತ್ರ ಇನ್ನೊಂದು ಪ್ಲೇಟ್ ಹೇಳಿದೆ.

ಗಡಂಗಿಗೆ ಹೋಗಿದ್ದು ಅಮ್ಮನಿಗೆ ಹೇಳಿಲ್ಲ. ನೀವೂ ಹೇಳಬೇಡಿ :)