ಒಂದು ಎತ್ವದ ಹೆಸರು

ಗ್ರಂಥಕ್ಕೆ ಹೆಸರಿಡುವುದು ಸುಲಭ. ಕೂಸಿಗೆ ಹೆಸರಿಡುವುದು ಕಷ್ಟ. ಗ್ರಂಥದ ಹೆಸರು ಹಿಡಿಸದಿದ್ದರೆ ಎರಡನೆಯ ಮುದ್ರಣದಲ್ಲಿ ತಿದ್ದಬಹುದು. ಕೂಸಿಗೆ ಎರಡನೆಯ ಮುದ್ರಣವಿಲ್ಲ. ಗ್ರಂಥವನ್ನು ಬರೆದು ಮುಗಿಸಿದ ಮೇಲೆ, ಒಳಗೇನಿದೆಯೆಂದು ತಿಳಿದು ಹೆಸರಿಡುತ್ತೇವೆ. ಕೂಸಾದರೋ ಒಂದು ಪುಟವನ್ನೂ ಓದದೆ ಹೆಸರು ಬರೆಯಬೇಕಾದ ಪುಸ್ತಕ. ಈಚೆಗೆ ನಮ್ಮ ಮನೆಯ ತೊಟ್ಟಿಲಿಗೆ ಹೆಣ್ಣು ಕೂಸೊಂದು ಬಂದಿದೆ. ಅದರ ಹೆಸರಿನ ವಿಚಾರದಲ್ಲಿ ನಾವು ಪಟ್ಟ ಪರದಾಟವು ಈ ಗಡಿನಾಡಿನ ಇತರ ಕನ್ನಡ ಮನೆಗಳದೂ ಆಗಿರಬಹುದೆಂದು ಬಗೆದು ಇಲ್ಲಿ ಬರೆಯುತ್ತಿದ್ದೇವೆ.

ಮನೆಗೆ ಹಿರಿಯಳಾದ ಅವ್ವನಿಗೆ ಸಂದೇಹವೇ ಇರಲಿಲ್ಲ. “ದಾನವ್ವನ ನಾಡಾಗ ಹುಟ್ಟಿದ ಕೂಸಿಗೆ ಬ್ಯಾರೆ ಹೆಸರ ಯಾಕ ಹುಡುಕತೀರಿ?” ಎಂದು ಕೇಳಿದಳು. ಮಾತು ನಿಜ. ನಮ್ಮ ಜತ್ತ ತಾಲೂಕಿನ ಗುಡ್ಡಾಪುರಕ್ಕೆ ಎರಡೂ ರಾಜ್ಯಗಳ ಭಕ್ತರು ನಡೆದು ಬರುತ್ತಾರೆ. ಅಲ್ಲಿಯ ದಾನಮ್ಮದೇವಿ ಹನ್ನೆರಡನೆಯ ಶತಮಾನದ ಶರಣೆ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದಾಗ ಅವಳಿಗಿಟ್ಟ ಹೆಸರು ಲಿಂಗಮ್ಮ, ದಾನಗುಣದಿಂದ ಮುಂದೆ ದಾನಮ್ಮನೆನಿಸಿದಳು ಎಂದು ಭಕ್ತರು ಹೇಳುತ್ತಾರೆ. ಅವ್ವ ಹೇಳುವ ಈ ಕಥೆಯಲ್ಲಿಯೇ ನಮಗೊಂದು ಉತ್ತರ ದೊರೆಯಿತು. ಇಟ್ಟ ಹೆಸರು ಬೇರೆ, ಗಳಿಸಿದ ಹೆಸರು ಬೇರೆ. ದಾನಮ್ಮ ಎಂಬುದು ಆ ಶರಣೆ ಬದುಕಿ ಗಳಿಸಿದ ಹೆಸರು. ಅದನ್ನು ತೊಟ್ಟಿಲಲ್ಲಿಯೇ ಕೊಟ್ಟುಬಿಟ್ಟರೆ ಕೂಸು ಗಳಿಸುವುದಕ್ಕೆ ಏನುಳಿಯಿತು? ಶಾಲೆಯ ತೊಡಕು ಬೇರೆ. ಹಾಜರಿ ಹಿಡಿಯುವಾಗ ‘ದಾನಮ್ಮ’ ಎಂದು ಕರೆದರೆ ಮೂರು ಮೂಲೆಗಳಿಂದ ‘ಹಾಜರ್’ ಎಂಬ ಉತ್ತರ ಬರುವುದನ್ನು ನಮ್ಮ ಕಡೆಯ ಶಿಕ್ಷಕರೆಲ್ಲ ಬಲ್ಲರು.

ಹೆಸರಿಗೆ ಇಷ್ಟು ಚರ್ಚೆ ಏಕೆಂದು ಕೆಲವರು ನಕ್ಕರು. ಅವರಿಗೆ ನಾವು ನೆರೆಯ ಸಾತಾರಾ ಜಿಲ್ಲೆಯನ್ನು ನೆನಪಿಸಿದೆವು. ಅಲ್ಲಿ ಗಂಡು ಬೇಕೆಂದು ಕಾದಿದ್ದ ಮನೆಗಳಲ್ಲಿ ಮತ್ತೆ ಹೆಣ್ಣು ಹುಟ್ಟಿದಾಗ ‘ನಕುಸಾ’, ಎಂದರೆ ‘ಬೇಡವಾದವಳು’, ಎಂದು ಹೆಸರಿಟ್ಟದ್ದುಂಟು. ೨೦೧೧ರಲ್ಲಿ ಆ ಜಿಲ್ಲೆಯವರು ಸಮಾರಂಭ ಮಾಡಿ, ಅಂಥ ೨೮೦ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟರು. ಸಾತಾರಾ ನಮಗೆ ಪರಕೀಯವಲ್ಲ. ನಮ್ಮ ಸಾಂಗಲಿ ಜಿಲ್ಲೆಯೂ ೧೯೪೯ರಿಂದ ೧೯೬೦ರವರೆಗೆ ದಕ್ಷಿಣ ಸಾತಾರಾ ಎನಿಸಿಕೊಂಡಿತ್ತು. ಜಿಲ್ಲೆಯ ಹೆಸರು ಬದಲಿಸಲು ಒಂದು ಸರಕಾರಿ ಆಜ್ಞೆ ಸಾಕು. ಆದರೆ ಹತ್ತು ವರ್ಷ ‘ಬೇಡವಾದವಳೇ, ಬಾ’ ಎಂದು ಕರೆಸಿಕೊಂಡ ಹುಡುಗಿಯ ಕಿವಿಯಿಂದ ಆ ಶಬ್ದವನ್ನು ಅಳಿಸುವ ಆಜ್ಞೆ ಯಾವುದಿದೆ? ಕೂಸು ಬೇಕಾಗಿತ್ತು, ಅದಕ್ಕಾಗಿ ಪುಸ್ತಕಗಳನ್ನೆಲ್ಲ ತೆರೆದು ಹುಡುಕಿದೆವು ಎಂಬುದನ್ನು ಹೆಸರೇ ಹೇಳಬೇಕೆಂದು ನಮ್ಮ ಹಂಬಲ.

ಮೊದಲು ಮನಸ್ಸು ಹರಿದದ್ದು ‘ಕಾದಂಬರಿ’ಯ ಕಡೆಗೆ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ತೊಡಗಿಸಿ ಅವನ ಮಗನು ಮುಗಿಸಿದ ಸಂಸ್ಕೃತ ಗದ್ಯಕಾವ್ಯದ ನಾಯಿಕೆಯವಳು, ಗಂಧರ್ವ ರಾಜಕುಮಾರಿ. ನಾಗವರ್ಮನು ಅವಳನ್ನು ಕನ್ನಡಕ್ಕೆ ಕರೆತಂದನು. ಮುಂದೆ ಅವಳ ಹೆಸರೇ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಅದೂ ಕನ್ನಡದಲ್ಲಿ ಮಾತ್ರವಲ್ಲ, ಮರಾಠಿಯಲ್ಲಿಯೂ! ಎರಡು ಭಾಷೆಗಳ ನಡುವೆ ಬೆಳೆಯುವ ಕೂಸಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ? ಆದರೆ ಗುಣವೇ ದೋಷವಾಯಿತು. ಬಂಗಾಳಿಗಳು ನಾವೆಲ್ಲಿಗೆ ‘ಉಪನ್ಯಾಸ’ವೆನ್ನುವುದರಿಂದ ರವೀಂದ್ರನಾಥ ಠಾಕೂರರ ಅತ್ತಿಗೆ ಕಾದಂಬರೀದೇವಿಯವರ ಹೆಸರು ಅಲ್ಲಿ ಯಾರಿಗೂ ಪುಸ್ತಕದಂಗಡಿಯನ್ನು ನೆನಪಿಸುವುದಿಲ್ಲ. ನಮ್ಮಲ್ಲಾದರೆ ಶಾಲೆಯ ಮೊದಲ ದಿನವೇ ‘ನೀನು ಎಷ್ಟು ಪುಟದ ಕಾದಂಬರಿ?’ ಎಂಬ ಪ್ರಶ್ನೆ ತಪ್ಪದು. ಸಾಲದುದಕ್ಕೆ ಸಂಸ್ಕೃತ ನಿಘಂಟಿನಲ್ಲಿ ಆ ಶಬ್ದಕ್ಕೆ ‘ಮದ್ಯ’ವೆಂಬ ಅರ್ಥವೂ ಇದೆ. ಅವ್ವನ ಕಿವಿಗೆ ಬೀಳುವ ಮುನ್ನ ನಿಘಂಟನ್ನು ಮುಚ್ಚಿದೆವು.

ಬಳಿಕ ನಮ್ಮವರನ್ನೇ ಹುಡುಕಿದೆವು. ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ. ಇಲ್ಲಿ ಅಡ್ಡ ಬಂದದ್ದು ಲಿಪಿ. ನಮ್ಮ ತಾಲೂಕಿನ ಜನನ ದಾಖಲೆಯು ಮರಾಠಿ ಮತ್ತು ಇಂಗ್ಲಿಷಿನಲ್ಲಿರುತ್ತದೆ. ಮರಾಠಿಯು ನಮ್ಮ ಳಕಾರವನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಆದರೆ ಎ-ಏಗಳಿಗೆ ಅಲ್ಲಿ ಒಂದೇ ಅಕ್ಷರ, ಒ-ಓಗಳಿಗೂ ಒಂದೇ. ಹೊನ್ನಮ್ಮ ಅಲ್ಲಿ ‘ಹೋನ್ನಮ್ಮ’ನಾಗುತ್ತಾಳೆ, ಮರಾಠಿಯಲ್ಲಿ ‘ಹೋ’ ಎಂದರೆ ಹೌದು. ಕೂಸು ಹುಟ್ಟಿದಂದಿನಿಂದಲೇ ಎಲ್ಲದಕ್ಕೂ ಹೌದೆನ್ನುವುದು ನಮಗೆ ಬೇಡವಾಗಿತ್ತು! ಅತ್ತಿಮಬ್ಬೆಯ ಕೊನೆಯ ಅಕ್ಷರವೂ ಹೀಗೆಯೇ ಎಳೆಯಲ್ಪಡುತ್ತದೆ. ಇದು ಯಾರ ಅಪರಾಧವೂ ಅಲ್ಲ, ಲಿಪಿಯ ಸ್ವಭಾವ. ಆದರೂ ದಾಖಲೆ ಬರೆಯುವವರ ಮುಂದೆ ಮಗಳು ಬಾಳಿನುದ್ದಕ್ಕೂ ತನ್ನ ಹೆಸರನ್ನು ತಿದ್ದುತ್ತ ನಿಲ್ಲುವುದನ್ನು ಯಾವ ಮನೆ ಬಯಸೀತು? ಪುಣ್ಯಕ್ಕೆ ಕಾಯಿದೆಯು ಅವಸರಪಡಿಸುವುದಿಲ್ಲ. ಜನನವನ್ನು ೨೧ ದಿನಗಳೊಳಗೆ ತಿಳಿಸಬೇಕಾದರೂ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಲು ೧೯೬೯ರ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ.

ಹೀಗಿರಲು ನೆನಪಾದವಳು ಮನೋರಮೆ. ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ಓದಿದವರಿಗೆ ಅವಳ ಪರಿಚಯ ಹೇಳಬೇಕಾಗಿಲ್ಲ. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ (೧೮೭೦–೧೯೦೧); ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು, ನಮ್ಮ ವೃತ್ತಿಬಂಧು. ಅವನ ಕೃತಿಯಲ್ಲಿ ಕವಿ ಕಥೆ ಹೇಳುತ್ತಾನೆ, ಮನೋರಮೆ ಕೇಳುತ್ತಾಳೆ. ಆದರೆ ಕೈಕಟ್ಟಿ ಕೇಳುವವಳಲ್ಲ. ಯಾವ ಕಥೆ ಬೇಕೆಂದು ತಾನೇ ಆರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಿಳಿಯುವ ಕನ್ನಡದಲ್ಲಿ ಹೇಳೆಂದು ಕವಿಯನ್ನೇ ತಡೆಯುತ್ತಾಳೆ. ಸೀತೆ, ದಮಯಂತಿ, ಶಕುಂತಲೆಯರು ಕಥೆಯೊಳಗಿನ ದುಃಖವನ್ನು ಅನುಭವಿಸಿದವರು. ಮನೋರಮೆ ಕಥೆಯ ಹೊರಗೆ ಕುಳಿತು ಪ್ರಶ್ನೆ ಕೇಳಿದವಳು. ವರ್ಗದ ಹಿಂದಿನ ಸಾಲಿನಲ್ಲಿ ತಿಳಿಯದಿದ್ದರೂ ತಲೆದೂಗುವ ಹುಡುಗಿಯರನ್ನು ಕಂಡವರಿಗೆ ಈ ಹೆಸರಿನ ಬೆಲೆ ಗೊತ್ತು.

ಮನೋರಮೆಯೂ ದಾಖಲೆಯಲ್ಲಿ ಹಾಗೆಯೇ ಉಳಿಯಲಾರಳು. ಅಲ್ಲಿ ಅವಳು ‘ಮನೋರಮಾ’. ಸೀತಾ ನಮ್ಮಲ್ಲಿ ಸೀತೆಯಾದಂತೆ, ಗಂಗಾ ಗಂಗೆಯಾದಂತೆ, ಆಕಾರಾಂತ ಸಂಸ್ಕೃತ ಹೆಸರುಗಳನ್ನು ಎಕಾರಾಂತ ಮಾಡಿಕೊಳ್ಳುವುದು ಕನ್ನಡದ ರೂಢಿ. ಎರಡು ರೂಪಗಳಿಗೂ ನಡುವಿನ ಅಂತರ ಒಂದು ಎತ್ವ ಮಾತ್ರ. ಮರಾಠಿಯ ರೂಪವೂ ಹೀನವಾದುದೇನಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಮಹಾರಾಷ್ಟ್ರದಲ್ಲಿ ಸ್ತ್ರೀಶಿಕ್ಷಣಕ್ಕೆ ಬಾಳು ಸವೆಸಿದ ಪಂಡಿತಾ ರಮಾಬಾಯಿಯವರು ೧೮೮೧ರಲ್ಲಿ ಹುಟ್ಟಿದ ತಮ್ಮ ಒಬ್ಬಳೇ ಮಗಳಿಗೆ ಇಟ್ಟ ಹೆಸರು ಮನೋರಮಾ. ಆ ಮನೋರಮಾಬಾಯಿ ಮುಂದೆ ಕಲಬುರ್ಗಿಯಲ್ಲಿ ಶಾಲೆಯನ್ನು ನಡೆಯಿಸಿದವರು. ಕನ್ನಡ ಮರಾಠಿಗಳೆರಡಕ್ಕೂ ಸಂದ ಹೆಸರಿದು.

ಅವ್ವನಿಗೆ ಎಲ್ಲವನ್ನೂ ವಿವರಿಸಿದೆವು. ಆಕೆ ಕೇಳಿ, “ಗಂಡನ್ನ ತಡದು ಕೇಳಾಕಿ ಅಂದ್ರ ಚಲೋನ ಆತು. ಆದ್ರ ನಾ ಮಾತ್ರ ದಾನವ್ವ ಅಂತನ ಕರ್ಯಾಕಿ” ಎಂದಳು. ಸೋದರತ್ತೆಯು ಕಿವಿಯಲ್ಲಿ ಉಸುರುವ ಹೆಸರು ಮನೋರಮೆ, ಅಜ್ಜಿಯ ಬಾಯಲ್ಲಿ ದಾನವ್ವ, ದಾಖಲೆಯಲ್ಲಿ ಮನೋರಮಾ ಎಂದು ನಿಶ್ಚಯವಾಯಿತು.

ಇನ್ನು ಉಳಿದಿರುವುದು ನಮ್ಮ ಮೇಲಿನ ಋಣ. ಕಾವ್ಯದಿಂದ ಹೆಸರನ್ನು ತಂದವರು ಮಗಳನ್ನು ಆ ಕಾವ್ಯದವರೆಗೆ ಕರೆದೊಯ್ಯಬೇಕು. ಇಲ್ಲದಿದ್ದರೆ ಹೆಸರು ಬೀಗದ ಕೈಯಾಗುತ್ತದೆ, ಬಾಗಿಲು ಮಾತ್ರ ಎಲ್ಲಿಯೂ ಇರುವುದಿಲ್ಲ. ಅವಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಜೊತೆಗೆ ನಮ್ಮ ಊರುಗಳ ಕನ್ನಡ ಶಾಲೆಯ ಮಣೆಯ ಮೇಲೆ ಕುಳಿತು ತನ್ನ ಹೆಸರಿನ ಕೊನೆಯ ಎತ್ವವನ್ನು ತಾನೇ ಬರೆಯುವಷ್ಟು, ಮುಂದೊಂದು ದಿನ ಮುದ್ದಣನನ್ನು ತಾನೇ ಓದಿ ‘ಇದು ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಿ’ ಎಂದು ಗುರುಗಳನ್ನು ತಡೆದು ಕೇಳುವಷ್ಟು ಕನ್ನಡ ಅವಳಿಗೆ ದೊರೆಯಬೇಕು. ಆ ಶಾಲೆಗಳ ಬಾಗಿಲು ಅಲ್ಲಿಯವರೆಗೆ ತೆರೆದಿರುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಕೆಲಸ.